ಸಂಜೆ ಗಾಡಿಯ ಎಲೆಪೊಟ್ಟಣ

ಸೊಸೆ ಚಿಕ್ಕನಂಜಮ್ಮ ಬಾಣಂತನಕ್ಕೆಂದು ತವರಿಗೆ ಹೊರಟ ಬೆಳಿಗ್ಗೆ ಯಲಿಯೂರು ಸ್ಟೇಷನ್ನಿನಲ್ಲಿ ಅತ್ತೆಯ ಕಾಲಿಗೆ ನಮಸ್ಕಾರ ಮಾಡಿ ಎದ್ದಳು. ಎದ್ದವಳು ತನ್ನ ಬಗ್ಗೆಯಾಗಲಿ, ಹೊಟ್ಟೆಯಲ್ಲಿದ್ದ ಕೂಸಿನ ಬಗ್ಗೆಯಾಗಲಿ ಒಂದು ಮಾತೂ ಆಡಲಿಲ್ಲ.

"ಅತ್ತೆ, ಮೋಟನ್ನ ನೋಡ್ಕಳಿ. ನಾ ಬರೋಗಂಟ ಅಂಗೇ ಇರ್ಲಿ," ಎಂದಳು.

ಮೋಟ ಎಂದರೆ ನಾಯಿ. ಕಂದು ಮೈ, ಅರ್ಧಕ್ಕೇ ನಿಂತ ಬಾಲ, ಯಾವಾಗಲೂ ಮಡಚಿಕೊಂಡೇ ಇರುವ ಒಂದು ಕಿವಿ. ಬಂಡೂರಿನಲ್ಲಿ ಚಿಕ್ಕನಂಜಮ್ಮನ ಅಪ್ಪನ ಕುರಿಹಟ್ಟಿಯಲ್ಲಿ ಹುಟ್ಟಿದ್ದು. ಅವಳ ಮದುವೆಯಾದಾಗ ಯಾರೂ ಕರೆಯದಿದ್ದರೂ ಹೆಣ್ಣಿನ ಎತ್ತಿನಗಾಡಿಯ ಹಿಂದೆ ಅಷ್ಟು ದೂರ ನಡೆದೇ ಬಂದಿತ್ತು. ಸೊಸೆ ಹೊಸ್ತಿಲ ಮೇಲಿನ ಅಕ್ಕಿ ಸೇರನ್ನು ಬಲಗಾಲಲ್ಲಿ ಒದ್ದು ಒಳಗೆ ಬಂದ ಗಳಿಗೆಯಲ್ಲೇ ಅದೂ ನಾಲ್ಕು ಕಾಲಿಟ್ಟು ಒಳಗೆ ಬಂದು, ಚೆಲ್ಲಿದ ಅಕ್ಕಿಯನ್ನು ಮೂಸಿ, ಅಲ್ಲೇ ಮಲಗಿಬಿಟ್ಟಿತ್ತು.

ಅಂದಿನಿಂದ ಅತ್ತೆ ಮರಿತಾಯಮ್ಮ ಅದನ್ನು ಬೈಯದ ದಿನವೇ ಇರಲಿಲ್ಲ. ಬೈಯುವುದೇನು ಅವಳಿಗೆ ಹೊಸದಲ್ಲ. ಗಂಡ ದೊಡ್ಡಸಿದ್ದಯ್ಯನನ್ನು, ಹಾಲು ಕೊಡುವ ಹಸುವನ್ನು, ಬರಬೇಕಾದಾಗ ಬಾರದ ನಾಲೆ ನೀರನ್ನು, ಎಲ್ಲವನ್ನೂ ಅವಳು ಒಂದೇ ರಾಗದಲ್ಲಿ ಬೈಯುತ್ತಿದ್ದಳು, ಬೈದು ಮರೆಯುತ್ತಿದ್ದಳು. ತೊಂದರೆ ಏನೆಂದರೆ ಕೇಳಿದವರು ಮರೆಯುತ್ತಿರಲಿಲ್ಲ. "ಈ ಹಾಳ್ ನಾಯಿ ಎಲ್ಲಾರ ಓಗಿ ಸಾಯ್ಬಾರ್ದಾ" ಎಂದು ಅವಳು ಬಾವಿಕಟ್ಟೆಯಲ್ಲಿ ಹೇಳಿದ್ದು ಊರಿಗೆಲ್ಲ ಗೊತ್ತಿತ್ತು, ಸೊಸೆಗಂತೂ ಚೆನ್ನಾಗಿಯೇ ಗೊತ್ತಿತ್ತು.

ಈಗ ಆ ಹಾಳು ನಾಯಿಯೇ ಅವಳ ತಲೆಗೆ ಕಟ್ಟಿಕೊಂಡಿತು. ಬಂಡೂರಿಗೆ ಕಳಿಸೋಣವೆಂದರೆ ಹಟ್ಟಿಯಲ್ಲಿದ್ದ ಹೊಸ ನಾಯಿಗಳು ಇದನ್ನು ಸೇರಿಸುವ ಹಾಗಿರಲಿಲ್ಲ. ಇಲ್ಲೇ ಇಟ್ಟುಕೊಂಡು ಇದಕ್ಕೇನಾದರೂ ಆಯಿತೋ, ಮರಿತಾಯಮ್ಮನೇ ಮುಗಿಸಿದಳು ಎಂದು ಊರು ಆಡಿಕೊಳ್ಳುತ್ತದೆ. ಊರಿನದು ಹಾಗಿರಲಿ, ಸೊಸೆಯೂ ಹಾಗೆಯೇ ನಂಬುತ್ತಾಳೆ. ಚಿಕ್ಕನಂಜಮ್ಮ ಜಗಳ ಆಡುವವಳಲ್ಲ, ಮನಸ್ಸಿನಲ್ಲಿ ಇಟ್ಟುಕೊಳ್ಳುವವಳು. ಬೆಳಗಾದರೆ ಇಬ್ಬರೂ ಒಂದೇ ಒಲೆಯ ಮುಂದೆ ಕೂರಬೇಕು. ಆ ಮೌನದ ಜೊತೆ ಬಾಳುವುದನ್ನು ನೆನೆದರೇ ಮರಿತಾಯಮ್ಮನಿಗೆ ಎದೆ ಭಾರವಾಗುತ್ತಿತ್ತು.

ಗಾಡಿ ಮದ್ದೂರಿನ ಕಡೆಗೆ ಹೊರಟಾಗ ಮೋಟ ಅದರ ಜೊತೆ ಓಡಿತು, ಉಸಿರು ಕಟ್ಟುವವರೆಗೂ ಓಡಿ, ಕಂಬಿಯ ಪಕ್ಕದಲ್ಲಿ ಕುಕ್ಕರಿಸಿತು. ಮರಿತಾಯಮ್ಮ ಅದನ್ನು ಕಿವಿ ಹಿಡಿದು ಮನೆಗೆ ಕರೆತಂದಳು.

ಮಾರನೆಯ ದಿನದಿಂದ ಮೋಟ ತಾನಾಗಿಯೇ ಸ್ಟೇಷನ್ನಿಗೆ ಹೋಗಿ ಕೂರತೊಡಗಿತು. ಒಡತಿಯನ್ನು ಹೊತ್ತುಕೊಂಡು ಹೋದ ಗಾಡಿ ಒಂದಲ್ಲ ಒಂದು ದಿನ ತಂದು ಇಳಿಸಲೇಬೇಕು ಎಂಬುದು ಅದರ ಲೆಕ್ಕ. ನೋಡಿದ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಆದರೆ ಬೆಂಗಳೂರಿನಿಂದ ಬರುವ ಸಂಜೆ ಗಾಡಿ ಯಲಿಯೂರಿಗೆ ಬರುವ ಮುಂಚೆ ಮದ್ದೂರಿನಲ್ಲಿ ನಿಲ್ಲುತ್ತದೆ. ಅಲ್ಲಿ ಜನ ಕಿಟಕಿಯಿಂದ ಕೈ ಚಾಚಿ ವಡೆ ಕೊಳ್ಳುತ್ತಾರೆ. ಮಂಡ್ಯ ದಾಟುವ ಹೊತ್ತಿಗೆ ತಿಂದು ಮುಗಿದಿರುತ್ತದೆ, ಯಲಿಯೂರಿನಲ್ಲಿ ಎಲೆ ಹೊರಗೆ ಬೀಳುತ್ತದೆ. ಅಂಥದೊಂದು ಎಲೆ ಒಂದು ಸಂಜೆ ಮೋಟನ ಮೂಗಿನ ಮುಂದೆಯೇ ಬಿತ್ತು. ಒಳಗೆ ಅರ್ಧ ವಡೆ ಇತ್ತು.

ದುಃಖಕ್ಕೆಂದು ಹೋದ ನಾಯಿ ವಡೆಗೆಂದು ನಿಂತುಕೊಂಡಿತು. ಕೆಲವೇ ದಿನಗಳಲ್ಲಿ ಗಾಡಿಗಳ ವಿಚಾರವೆಲ್ಲ ಅದಕ್ಕೆ ಮನದಟ್ಟಾಯಿತು. ಬೆಳಗಿನ ಗಾಡಿ ಮೈಸೂರಿನ ಕಡೆಯಿಂದ ಬರುವುದು, ಅದರಲ್ಲಿ ವಡೆ ಇಲ್ಲ, ಅದಕ್ಕೆ ಮೋಟ ಕಿವಿ ಕೂಡ ಎತ್ತುತ್ತಿರಲಿಲ್ಲ. ಸಂಜೆ ಗಾಡಿ ಮಂಡ್ಯ ಬಿಟ್ಟಿತು ಎಂಬುದಕ್ಕೆ ಸ್ಟೇಷನ್ನಿನಲ್ಲಿ ತೂಗುಹಾಕಿದ ಕಂಬಿ ತುಂಡನ್ನು ಬಾರಿಸುತ್ತಾರಲ್ಲ, ಆ ಗಂಟೆ ಕಿವಿಗೆ ಬಿದ್ದರೆ ಸಾಕು, ಎಲ್ಲಿದ್ದರೂ ಎದ್ದು ಓಡುತ್ತಿತ್ತು.

ಒಂದು ದಿನ ಸ್ಟೇಷನ್ ಮಾಸ್ತರು ವೆಂಕಟರಾಮಯ್ಯನವರು ಮನೆಯ ಬಾಗಿಲಿಗೇ ಬಂದರು. ಸ್ವಭಾವತಃ ಮೆತ್ತಗಿನ ಮನುಷ್ಯ, ಅಂದು ಮುಖ ಬಿಗಿದುಕೊಂಡಿದ್ದರು.

"ನೋಡಮ್ಮ, ನಿಮ್ಮ ನಾಯಿ ಗಾಡಿ ನಿಲ್ಲೋಕೆ ಮುಂಚೆನೇ ಎಲೆ ಬಿದ್ದ ಕಡೆ ನುಗ್ಗುತ್ತೆ. ನಿನ್ನೆ ಚಕ್ರದ ಪಕ್ಕದಲ್ಲೇ ನಿಂತು ನೆಕ್ತಾ ಇತ್ತು. ನನ್ನ ಕೈಲಿ ಕೆಟ್ಟ ಸುದ್ದಿ ಹೇಳಿಸಬೇಡಿ," ಎಂದರು.

"ನಮ್ ನಾಯಲ್ಲ ಬುದ್ದಿ, ನಮ್ ಸೊಸೆ ನಾಯಿ," ಎಂದಳು ಮರಿತಾಯಮ್ಮ.

"ಯಾರದ್ದಾದರೂ ಗಾಡಿಗೆ ಅದು ಗೊತ್ತಾಗಲ್ಲವಲ್ಲಮ್ಮ," ಎಂದು ಹೇಳಿ ಅವರು ಹೊರಟುಹೋದರು.

ಆ ರಾತ್ರಿ ಮೋಟ ಹೊಟ್ಟೆಯಲ್ಲಿದ್ದ ಖಾರವನ್ನೂ ಈರುಳ್ಳಿಯನ್ನೂ ಅಂಗಳದಲ್ಲೆಲ್ಲ ಕಕ್ಕಿತು. ಮರಿತಾಯಮ್ಮ ಬೈಯುತ್ತಲೇ ಬಳಿದಳು, ಬೈಯುತ್ತಲೇ ಅದಕ್ಕೆ ನೀರು ಕುಡಿಸಿದಳು, ಬೈಯುತ್ತಲೇ ಅದರ ಪಕ್ಕದಲ್ಲಿ ಕೂತು ಹೊಟ್ಟೆ ನೀವಿದಳು.

ಉಪಾಯ ಹೇಳಿದವನು ದೊಡ್ಡಸಿದ್ದಯ್ಯ. ಕಂಡವರ ಹೊಲಕ್ಕೆ ನುಗ್ಗುವ ತುಡುಗು ದನಕ್ಕೆ ಕೊರಳಿನಿಂದ ಒಂದು ಕೊರಡು ಇಳಿಬಿಡುವುದು ಈ ಕಡೆಯ ಪದ್ಧತಿ. ಓಡಲು ಹೋದರೆ ಕೊರಡು ಮುಂಗಾಲಿಗೆ ಬಡಿಯುತ್ತದೆ, ದನ ತಾನಾಗಿಯೇ ನಿಧಾನವಾಗುತ್ತದೆ.

"ದನಕ್ ಆಗದು ನಾಯ್ಗ್ ಆಗಾಕಿಲ್ವಾ? ಒಂದ್ ಸಣ್ ಕೊರಡು ಕಟ್ಟುದ್ರಾಯ್ತು. ಎಲ್ಗೂ ಓಗಾಕಿಲ್ಲ, ಮನೆ ಮುಂದೇ ಬಿದ್ದಿರ್ತದೆ," ಎಂದ.

ಕೇಳಿದವರೆಲ್ಲ ತಲೆದೂಗಿದರು. ಮರಿತಾಯಮ್ಮನಿಗೂ ಸರಿಯೆನಿಸಿತು. ಗಂಡನ ಗಂಟು ಸಡಿಲವಾಗುತ್ತದೆಂದು ಹಗ್ಗವನ್ನು ತಾನೇ ಕಟ್ಟಿದಳು. ಕತ್ತು ಉಜ್ಜಬಾರದೆಂದು ಹಳೆಯ ಸೀರೆಯ ಚೂರನ್ನು ಹಗ್ಗಕ್ಕೆ ಸುತ್ತಿದಳು, ಬಿಚ್ಚಿಕೊಳ್ಳಬಾರದೆಂದು ಗಂಟಿನ ಮೇಲೆ ಗಂಟು ಹಾಕಿದಳು. ಮೋಟ ನಾಲ್ಕು ಹೆಜ್ಜೆ ಇಟ್ಟು, ಮೊಣಕಾಲಿಗೆ ಏಟು ತಿಂದು, ಹಿಂತಿರುಗಿ ಅವಳನ್ನೇ ನೋಡಿತು. ಅವಳು ಮುಖ ಬೇರೆ ಕಡೆ ತಿರುಗಿಸಿದಳು.

ಎರಡು ದಿನ ಎಲ್ಲವೂ ಸುಸೂತ್ರ. ಮೂರನೆಯ ದಿನದ ಹೊತ್ತಿಗೆ ಮೋಟ ಕೊರಡನ್ನು ಎಳೆದುಕೊಂಡೇ ನಡೆಯುವುದನ್ನು ಕಲಿತಿತ್ತು.

ಮರಿತಾಯಮ್ಮ ಆಗ ಕಂಬಿ ಪಕ್ಕದ ಕಬ್ಬಿನ ಗದ್ದೆಯ ಬದುವಿನಲ್ಲಿ ಹುಲ್ಲು ಕುಯ್ಯುತ್ತಿದ್ದಳು. ಗಂಟೆ ಬಾರಿಸಿದ್ದು ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಕೊರಡಿನ ಸದ್ದು ಕಂಬಿಯ ಕಡೆಗೆ ಹತ್ತಿ ಹೋದದ್ದೂ ಕೇಳಿಸಿತು. ತಲೆಯೆತ್ತಿದರೆ ಮೋಟ ಕಂಬಿಗಳ ನಡುವೆ ನಿಂತಿದೆ. ಹಿಂದಿನ ದಿನದ ಯಾವುದೋ ಎಲೆಯನ್ನು ನೆಕ್ಕಿ ಮುಗಿಸಿ ಹೊರಬರಲು ಎಳೆಯುತ್ತಿದೆ, ಬರಲಾಗುತ್ತಿಲ್ಲ. ಕೊರಡು ಕಂಬಿಯ ಅಡಿಗೆ ಜಾರಿ ಮರದ ದಿಮ್ಮಿಗಳ ಮಧ್ಯೆ ಕಚ್ಚಿಕೊಂಡಿತ್ತು. ಮಂಡ್ಯದ ಕಡೆ ಹೊಗೆ ಕಾಣಿಸಿತು.

ಅವಳು ಯಾವಾಗ ಓಡಿದಳೋ ಅವಳಿಗೇ ತಿಳಿಯದು. ಮಂಡಿಯೂರಿ ಗಂಟು ಬಿಚ್ಚಲು ನೋಡಿದಳು. ತಾನೇ ಬಿಗಿದ ಗಂಟು, ಬಿಚ್ಚುವುದುಂಟೆ? ಕೈಯಲ್ಲಿದ್ದ ಕುಡುಗೋಲಿನಿಂದ ಹಗ್ಗವನ್ನು ಕುಯ್ಯತೊಡಗಿದಳು. ಅದಕ್ಕೆ ಸುತ್ತಿದ ಸೀರೆ ಚೂರು ಅಡ್ಡ ಬಂತು. ಸ್ಟೇಷನ್ನಿನಲ್ಲಿ ವೆಂಕಟರಾಮಯ್ಯನವರು ಕೆಂಪು ಬಾವುಟ ಬೀಸುತ್ತಾ ಕೂಗುತ್ತಿದ್ದರು. ಗಾಡಿ ಕೂಗಿತು, ಮತ್ತೆ ಕೂಗಿತು. ಮೋಟ ಮಾತ್ರ ಅಲುಗದೆ ನಿಂತು ಅವಳ ಕೈಯನ್ನು ನೆಕ್ಕುತ್ತಿತ್ತು.

"ನೆಕ್ಬ್ಯಾಡ ಕಣ್ಲಾ, ನೆಕ್ಬ್ಯಾಡ," ಎನ್ನುತ್ತಲೇ ಹಗ್ಗದ ಕೊನೆಯ ಎಳೆಯನ್ನೂ ಕುಯ್ದು, ನಾಯಿಯನ್ನು ತಬ್ಬಿಕೊಂಡು ಪಕ್ಕದ ಇಳಿಜಾರಿಗೆ ಉರುಳಿದಳು. ವೇಗ ಕಳೆದುಕೊಂಡಿದ್ದ ಗಾಡಿ ಬ್ರೇಕು ಕಿರುಚಿಸುತ್ತಾ ಮೇಲೆ ಹಾದುಹೋಯಿತು. ಡ್ರೈವರು ಬಗ್ಗಿ ಏನೇನೋ ಬೈದ. ಜೀವಮಾನದಲ್ಲಿ ಮೊದಲ ಸಲ ಮರಿತಾಯಮ್ಮ ಬೈಗುಳಕ್ಕೆ ಉತ್ತರ ಕೊಡಲಿಲ್ಲ.

ಅಷ್ಟರಲ್ಲಿ ಒಂದು ಕಿಟಕಿಯಿಂದ ಎಲೆಯೊಂದು ಹಾರಿ ಬಿತ್ತು. ಮೋಟ ಎದ್ದು ಅತ್ತ ಹೊರಟಿತು. ಮರಿತಾಯಮ್ಮ ಅದರ ಹಿಂಗಾಲು ಹಿಡಿದು ಎಳೆದು, ಎದೆಗೊತ್ತಿಕೊಂಡು, ಕಬ್ಬಿನ ಮರೆಯಲ್ಲಿ ಕೂತು ಗೊಳೋ ಎಂದು ಅತ್ತಳು. ಸೊಸೆಯ ಭಯಕ್ಕಲ್ಲ, ಊರಿನ ಮಾತಿಗಲ್ಲ. ಆ ಗಳಿಗೆಯಲ್ಲಿ ಅವೆರಡೂ ಅವಳ ನೆನಪಿಗೇ ಬಂದಿರಲಿಲ್ಲ. ಈ ಮೋಟುಬಾಲದ ನಾಯಿ ಇಲ್ಲದ ಅಂಗಳವನ್ನು ನೆನೆದೇ ಅವಳಿಗೆ ಅಳು ಬಂದಿತ್ತು.

ಗಾಡಿ ಹೋದ ಮೇಲೆ ಕೊರಡನ್ನು ಕಿತ್ತು ತಂದು ಬಚ್ಚಲ ಒಲೆಗೆ ಹಾಕಿದಳು.

"ಇನ್ನೂ ಸಣ್ಣುದ್ ಕಟ್ಟಿದ್ರೆ ಸಿಕ್ಕಾಕತಿರ್ನಿಲ್ಲ," ಎಂದು ದೊಡ್ಡಸಿದ್ದಯ್ಯ ಸಣ್ಣ ದನಿಯಲ್ಲಿ ಹೇಳಿದ.

"ನಿಮ್ ಕೊರಳ್ಗೆ ಕಟ್ಟಿ ನೋಡಾನ," ಎಂದಳು ಮರಿತಾಯಮ್ಮ. ಅವನು ಜಗಲಿಗೆ ಎದ್ದು ಹೋದ.

ಆಮೇಲೆ ಕಂಬಕ್ಕೆ ಕಟ್ಟಿಹಾಕಿ ನೋಡಿದ್ದಾಯಿತು. ಸಂಜೆ ಗಂಟೆ ಬಾರಿಸಿದೊಡನೆ ಮೋಟ ಎಂಥ ಊಳಿಡುತ್ತಿತ್ತೆಂದರೆ, ಹಸು ಹೆದರಿ ಹಾಲು ಬಿಡುತ್ತಿರಲಿಲ್ಲ. ತಟ್ಟೆಯಲ್ಲಿಟ್ಟ ಮುದ್ದೆಯನ್ನು ಮೂಸಿ ಮುಖ ತಿರುಗಿಸುತ್ತಿತ್ತು. ಪಕ್ಕೆಲುಬು ಕಾಣತೊಡಗಿತು. ಹೀಗೆ ಉಳಿಸಿಕೊಂಡರೂ ಇದು ಸೊಸೆ ಒಪ್ಪಿಸಿ ಹೋದ ನಾಯಿ ಆಗಿರುವುದಿಲ್ಲ ಎಂದು ಮರಿತಾಯಮ್ಮನಿಗೆ ಅನ್ನಿಸಿತು. ಹಗಲೆಲ್ಲ ಬಿಚ್ಚಿ ಬಿಟ್ಟು, ಸಂಜೆಗೆ ಮಾತ್ರ ಹಿಡಿದುಕೊಂಡು ಕೂತಳು.

ಹಾಗೆ ಬಿಟ್ಟಿದ್ದ ಒಂದು ಮಧ್ಯಾಹ್ನ ಹುಲ್ಲಿನ ಮೆದೆಯ ಹಿಂದೆ ಏನೋ ಪರಪರ ಸದ್ದಾಯಿತು. ಇಣುಕಿ ನೋಡಿದರೆ ಮೋಟ ಎಂದೋ ಕದ್ದು ತಂದಿಟ್ಟಿದ್ದ ವಡೆಯ ಎಲೆಯೊಂದನ್ನು ಮುಂದಿಟ್ಟುಕೊಂಡು ಕೂತಿದೆ. ಒಣಗಿ ಸುರುಟಿದ ಎಲೆ, ಒಳಗೆ ಏನೂ ಇಲ್ಲ. ಆದರೂ ಒಂದು ಕಾಲಿನಿಂದ ಅದನ್ನು ಅದುಮಿ ಹಿಡಿದು, ಹಲ್ಲಿನಿಂದ ಮಡಿಕೆಯನ್ನು ಮೆಲ್ಲಗೆ ಬಿಡಿಸುತ್ತದೆ, ಒಳಗೆ ಮೂಗು ತೂರಿಸುತ್ತದೆ, ಮತ್ತೆ ಉರುಳಿಸಿ ಮೊದಲಿನಿಂದ ಶುರು ಮಾಡುತ್ತದೆ. ಆ ಮೋಟುಬಾಲ ಒಂದೇ ಸಮನೆ ಅಲ್ಲಾಡುತ್ತಿತ್ತು.

ಮರಿತಾಯಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡುತ್ತ ನಿಂತಳು. ಅವಳ ಅಪ್ಪ ಸಂತೆಯಿಂದ ಬಂದಾಗ ಎಲೆಯಲ್ಲಿ ಕಟ್ಟಿದ ಕಡ್ಲೆಪುರಿಯನ್ನು ಕೈಗಿಡುತ್ತಿದ್ದ. ತಿನ್ನುವುದಕ್ಕಿಂತ ಬಿಚ್ಚುವುದೇ ಚೆನ್ನಾಗಿರುತ್ತಿತ್ತು. ಬಿಚ್ಚಿಬಿಟ್ಟರೆ ಮುಗಿದುಹೋಗುತ್ತದಲ್ಲ ಎಂದು ಅವಳು ಮಡಿಲಲ್ಲೇ ಇಟ್ಟುಕೊಂಡು ಕೂರುತ್ತಿದ್ದಳು.

"ಎಲಾ ಇವ್ನ, ನಿಂಗ್ ಬೇಕಾಗಿರೋದ್ ವಡೆ ಅಲ್ಲ ಕಣ್ಲಾ," ಎಂದಳು.

ಅಂದೇ ಹಿತ್ತಲ ಬೇಲಿಯ ಮುತ್ತುಗದ ಎಲೆ ಕಿತ್ತಳು. ರಾಗಿ ರೊಟ್ಟಿಯ ಚೂರಿಗೆ ಒಂದಿಷ್ಟು ಹಾಲಿನ ಕೆನೆ ಸವರಿ, ಎಲೆಯಲ್ಲಿ ಮಡಿಸಿ, ಬಾಳೆ ನಾರಿನಿಂದ ಕಟ್ಟಿದಳು. ಖಾರ ಇಲ್ಲ, ಈರುಳ್ಳಿ ಇಲ್ಲ. ಸಂಜೆ ಮೋಟನನ್ನು ಹಗ್ಗದಲ್ಲಿ ಹಿಡಿದುಕೊಂಡು ಸ್ಟೇಷನ್ನಿನ ಬೇಲಿಯ ಹೊರಗೆ ನಿಂತಳು. ಗಂಟೆ ಬಾರಿಸಿದ ತಕ್ಷಣ ಪೊಟ್ಟಣವನ್ನು ಅದರ ಮುಂದೆ ಇಟ್ಟಳು. ಮೋಟ ಒಮ್ಮೆ ಕಂಬಿಯ ಕಡೆ ನೋಡಿತು, ಒಮ್ಮೆ ಪೊಟ್ಟಣ ನೋಡಿತು. ಆಮೇಲೆ ಕೂತು ನಾರು ಬಿಡಿಸತೊಡಗಿತು. ಗಾಡಿ ಬಂದು, ನಿಂತು, ಹೊರಟುಹೋದರೂ ಅದರ ತಲೆ ಮೇಲೇಳಲಿಲ್ಲ.

ಕೆಲವು ದಿನ ಬೇಲಿಯ ಹತ್ತಿರ, ಆಮೇಲೆ ಅರಳಿಕಟ್ಟೆಯ ಹತ್ತಿರ, ಆಮೇಲೆ ಬೀದಿಯ ತುದಿಯಲ್ಲಿ, ಹೀಗೆ ಪೊಟ್ಟಣ ದಿನದಿನಕ್ಕೂ ಮನೆಯ ಕಡೆ ಸರಿಯಿತು. ಹಗ್ಗ ಬೇಡವಾಯಿತು. ಕೊನೆಗೆ ಗಂಟೆ ಬಾರಿಸಿದರೆ ಮೋಟ ಎಲ್ಲಿದ್ದರೂ ಸ್ಟೇಷನ್ನಿಗೆ ಬೆನ್ನು ತಿರುಗಿಸಿ ಮನೆಯ ಹೊಸ್ತಿಲಿಗೆ ಓಡಿಬಂದು ಕೂರುವಂತಾಯಿತು.

ಪಕ್ಕದ ಮನೆಯ ಪಟ್ಟಲಮ್ಮನಿಗೆ ಇದಕ್ಕಿಂತ ದೊಡ್ಡ ತಮಾಷೆ ಬೇಕಿರಲಿಲ್ಲ. "ಏನ್ ಮರಿತಾಯಕ್ಕ, ಗಂಡ ಗದ್ದೆಗೋದ್ರೆ ಬುತ್ತಿ ಕಟ್ಟಾಕ್ ಬೇಜಾರು, ನಾಯ್ಗ್ ದಿನಾ ಕಟ್ತೀಯಂತಲ್ಲ," ಎಂದಳು.

"ನಾಯಿ ಏನ್ ಕಟ್ಟುದ್ರೂ ಉಪ್ಪಿಲ್ಲ ಅನ್ನಾಕಿಲ್ಲ ಕಣವ್ವ," ಎಂದಳು ಮರಿತಾಯಮ್ಮ.

ಇತ್ತ ಬಂಡೂರಿನಲ್ಲಿ ಚಿಕ್ಕನಂಜಮ್ಮನಿಗೆ ಹೆಣ್ಣು ಮಗುವಾಯಿತು. ಮರಿತಾಯಮ್ಮನ ಮಗ ಚಿಕ್ಕಮಾದು ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ರಜೆ ಸಿಕ್ಕಿದ ಒಂದು ದಿನ ಹೋಗಿ ಮಗುವನ್ನು ನೋಡಿ ಬಂದ. ಹೆಂಡತಿ ಕೇಳಿದ ಮೊದಲ ಪ್ರಶ್ನೆಯೇ ಮೋಟನದು. ಅವನು ಮಾತು ಹೆಣೆಯಲು ಬಾರದವನು. ಮೋಟ ವಡೆಗೆಂದು ಸ್ಟೇಷನ್ನಿಗೆ ಹೋಗುತ್ತಿದ್ದದ್ದು, ಅವ್ವ ಅದರ ಕೊರಳಿಗೆ ಕೊರಡು ಕಟ್ಟಿದ್ದು, ಅದು ಕಂಬಿಗೆ ಸಿಕ್ಕಿಕೊಂಡದ್ದು, ಗಾಡಿ ಬಂದದ್ದು, ಇಷ್ಟನ್ನು ಸರಿಯಾಗಿಯೇ ಹೇಳಿದ. ಅಷ್ಟರಲ್ಲಿ ಹೆಂಡತಿಯ ಮುಖ ಬಿಳುಪೇರಿದ್ದನ್ನು ಕಂಡು ಗಾಬರಿಯಾಗಿ, "ಏನೂ ಆಗಿಲ್ಲ, ಈಗ್ ಚೆನ್ನಾಗೇ ಅದೆ," ಎಂದು ಒಂದೇ ಉಸಿರಿಗೆ ಮುಗಿಸಿಬಿಟ್ಟ.

ಬಾಣಂತಿಗೆ ಕೆಟ್ಟ ಸುದ್ದಿ ಹೇಳಬಾರದು, ಹೇಳಿದರೆ ಎದೆಹಾಲು ಬತ್ತುತ್ತದೆ ಎಂದು ನಂಬುವ ಜನ ನಾವು. ಅವಳ ತವರಿನಲ್ಲೇ ಹಿಂದೆ ಅಜ್ಜಿ ತೀರಿಕೊಂಡದ್ದನ್ನೇ ಬಾಣಂತಿಯೊಬ್ಬಳಿಗೆ ತಿಂಗಳುಗಟ್ಟಲೆ ಮುಚ್ಚಿಟ್ಟಿದ್ದರು. ಅದು ಚಿಕ್ಕನಂಜಮ್ಮನಿಗೆ ಗೊತ್ತಿತ್ತು. ಹಾಗಾಗಿ ಗಂಡ "ಚೆನ್ನಾಗೇ ಅದೆ" ಎಂದದ್ದೇ ಅವಳಿಗೆ ಸಾವಿನ ಸುದ್ದಿಯಾಯಿತು. ಆಮೇಲೆ ಮಳವಳ್ಳಿ ಸಂತೆಯಲ್ಲಿ ಅವಳ ಅಣ್ಣನಿಗೆ ಯಲಿಯೂರಿನವರು ಸಿಕ್ಕಿ "ನಾಯಾ? ಗುಂಡುಗುಂಡುಗೆ ಅದೆ, ದಿನಾ ಕೆನೆ ರೊಟ್ಟಿ ತಿಂತದೆ" ಎಂದು ಹೇಳಿಕಳಿಸಿದರು. ಅತ್ತೆ ನಾಯಿಗೆ ಕೆನೆ ಹಾಕುವುದುಂಟೆ? ಇದನ್ನು ಕೇಳಿದ ಮೇಲಂತೂ ಅವಳಿಗೆ ಅನುಮಾನವೇ ಉಳಿಯಲಿಲ್ಲ. ಮಗುವಿಗೆ ಹಾಲೂಡಿಸುವಾಗ ಗೋಡೆಯ ಕಡೆ ತಿರುಗಿ ಅತ್ತಳು, ಯಾರಿಗೂ ಹೇಳಲಿಲ್ಲ.

ಮಗು ಕೂರಲು ಕಲಿಯುವ ಹೊತ್ತಿಗೆ ಅಣ್ಣ ಅವಳನ್ನು ಕರೆದುಕೊಂಡು ಹೊರಟ. ಯುದ್ಧದ ಕಾಲ, ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುವ ಬಸ್ಸು. ಮಳವಳ್ಳಿಯಿಂದ ಮದ್ದೂರಿಗೆ ತೆವಳಿಕೊಂಡು ಬಂದು, ಅಲ್ಲಿ ಸಂಜೆ ಗಾಡಿ ಹತ್ತಿದರು.

ಯಲಿಯೂರಿನಲ್ಲಿ ಮರಿತಾಯಮ್ಮ ಬೆಳಗಿನಿಂದ ಕೂತಲ್ಲಿ ಕೂರಲಿಲ್ಲ. ಮೋಟನಿಗೆ ಬಿಸಿನೀರು ಹುಯ್ದು, ಸೀಗೆ ಹಚ್ಚಿ ತಿಕ್ಕಿ, ಉಣ್ಣಿ ಹೆಕ್ಕಿ ಮಿರಮಿರ ಮಿಂಚಿಸಿದಳು. ಸೊಸೆ ಇಳಿದ ಗಳಿಗೆಯಲ್ಲೇ ನಾಯಿಯನ್ನು ಮುಂದೆ ನಿಲ್ಲಿಸಿ, ತಗೋ ನಿನ್ನ ಸ್ವತ್ತು, ಎನ್ನಬೇಕೆಂಬುದು ಅವಳ ಆಸೆ. ಆ ಸಂಭ್ರಮದಲ್ಲಿ ಮೋಟನನ್ನು ಜೊತೆಯಲ್ಲೇ ಕರೆದುಕೊಂಡು, ಸ್ಟೇಷನ್ನಿನ ಬೇಲಿಯ ಬಳಿ ಬಂದು ನಿಂತಳು.

ಆಗ ವೆಂಕಟರಾಮಯ್ಯನವರು ಗಂಟೆ ಬಾರಿಸಿದರು.

ಮೋಟ ತಟ್ಟನೆ ಎದ್ದು, ಹಿಂತಿರುಗಿ, ಮನೆಯ ಕಡೆಗೆ ಬಾಣದಂತೆ ಓಡಿತು. "ಲೇ ಮೋಟ, ಇವತ್ತೊಂದಿನ ನಿಂತ್ಕಳ್ಳಾ," ಎಂದು ಕೂಗಿದಳು. ತಾನೇ ಕಲಿಸಿದ ಪಾಠ, ಕೂಗಿದರೆ ಮರೆತೀತೆ? ಹಿಂದೆ ಹೋಗೋಣವೆಂದರೆ ಗಾಡಿಯ ಹೊಗೆ ಆಗಲೇ ಕಾಣುತ್ತಿತ್ತು.

ಚಿಕ್ಕನಂಜಮ್ಮ ಮಗುವನ್ನು ಎತ್ತಿಕೊಂಡು ಇಳಿದಳು. ಅವಳ ಕಣ್ಣು ಪ್ಲಾಟ್‌ಫಾರಮ್ಮಿನ ಈ ತುದಿಯಿಂದ ಆ ತುದಿಗೆ ಹೋಯಿತು, ಕಂಬಿಯ ಮೇಲೆ ಹೋಯಿತು, ಬೇಲಿಯ ಬಳಿ ಹೋಯಿತು. ತನ್ನ ಬೆವರಿನ ವಾಸನೆಗೇ ಮೂರು ಬೀದಿ ಆಚೆಯಿಂದ ಓಡಿಬರುತ್ತಿದ್ದ ನಾಯಿ ಅಲ್ಲೆಲ್ಲೂ ಇರಲಿಲ್ಲ. ಅವಳು ಬಗ್ಗಿ ಅತ್ತೆಯ ಕಾಲು ಮುಟ್ಟಿದಳು, ಮುಖ ನೋಡಲಿಲ್ಲ.

"ಮೋಟ ಮನೇಲದೆ ಕಣವ್ವ, ಈಗ್ಲೇ ಇಲ್ಲಿತ್ತು," ಎಂದಳು ಮರಿತಾಯಮ್ಮ. ತನ್ನ ಮಾತು ತನಗೇ ಸುಳ್ಳಿನಂತೆ ಕೇಳಿಸಿತು.

"ಊ ಅತ್ತೆ," ಎಂದಳು ಸೊಸೆ.

ದಾರಿಯುದ್ದಕ್ಕೂ ಅಣ್ಣನೊಬ್ಬನೇ ಇದ್ದಿಲು ಬಸ್ಸಿನ ಕಥೆ ಹೇಳುತ್ತ ನಡೆದ. ಮರಿತಾಯಮ್ಮ ಮೊಮ್ಮಗಳನ್ನು ಎತ್ತಿಕೊಳ್ಳಲೆಂದು ಕೈ ಚಾಚಿದರೆ ಸೊಸೆ, "ಇರ್ಲಿ ಅತ್ತೆ, ಮಲ್ಕಂಡದೆ," ಎಂದು ಎದೆಗೆ ಒತ್ತಿಕೊಂಡಳು. ಮಗು ಕಣ್ಣು ಬಿಟ್ಟುಕೊಂಡೇ ಇತ್ತು. ಆ ಒಂದು ಮಾತು ಮರಿತಾಯಮ್ಮನಿಗೆ ತಾಗಿದಷ್ಟು ಯಾರ ಬೈಗುಳವೂ ಎಂದೂ ತಾಗಿರಲಿಲ್ಲ.

ಬೀದಿ ತಿರುಗಿದರು. ಹೊಸ್ತಿಲ ಮುಂದೆ ಮೋಟ ಕೂತಿತ್ತು. ಮಿರಮಿರ ಮೈ, ಮಡಚಿದ ಕಿವಿ, ಇನ್ನೂ ಬಾರದ ಪೊಟ್ಟಣವನ್ನು ನೆನೆದು ಜೊಲ್ಲು ಸುರಿಸುತ್ತ ಬಾಗಿಲನ್ನೇ ನೋಡುತ್ತಿತ್ತು. ಮೊದಲು ಇವರ ಕಡೆ ತಿರುಗಲೇ ಇಲ್ಲ. ಆಮೇಲೆ ಮೂಗು ಅಲುಗಿತು. ತಲೆ ಹೊರಳಿತು. ಮುಂದಿನ ಕ್ಷಣ ಅದು ಊಳಿಡುತ್ತ ಬಂದು ಚಿಕ್ಕನಂಜಮ್ಮನ ಸುತ್ತ ಸುತ್ತಿ, ನೆಲಕ್ಕೆ ಬಿದ್ದು ಹೊರಳಿ, ಎದ್ದು, ಮರಿತಾಯಮ್ಮನ ಬಳಿಗೆ ಓಡಿ ಅವಳ ಸೆರಗು ಹಿಡಿದೆಳೆದು, ಮತ್ತೆ ಸೊಸೆಯ ಬಳಿಗೆ ಓಡಿತು.

ಚಿಕ್ಕನಂಜಮ್ಮ ಬೀದಿಯಲ್ಲೇ ಕುಸಿದು ಕೂತಳು. ನಾಯಿಯ ಕೊರಳು ತಡವಿದಳು, ಹಗ್ಗದ ಗುರುತಿರಲಿಲ್ಲ. ಪಕ್ಕೆ ತಡವಿದಳು, ಕೈ ತುಂಬ ಮಾಂಸ ಸಿಕ್ಕಿತು. ಆಮೇಲೆ ಮೇಲೆದ್ದು ಮಗುವನ್ನು ಅತ್ತೆಯ ಕೈಗಿಟ್ಟಳು.

"ನಾಯಿನೇ ಇಂಗ್ ನೋಡ್ಕಂಡಿದೀರಿ," ಎಂದಳು. "ನಾನ್ ನಿಮ್ಮನ್ನ ತಪ್ಪು ತಿಳ್ಕಂಬುಟ್ಟಿದ್ದೆ ಅತ್ತೆ."

"ನನ್ ಬಾಯೇ ಅಂಗಲ್ವ, ತಿಳ್ಕಳೋರ್ದೇನ್ ತಪ್ಪು," ಎಂದಳು ಮರಿತಾಯಮ್ಮ. ಮಗುವಿನ ತಲೆಯನ್ನು ಮೂಸಿದಳು. "ಮೊದ್ಲು ಅದ್ಕೆ ಎಲೆ ಕೊಟ್ಬುಡಾನ. ಒತ್ತಾಯ್ತು. ನಮ್ ನಾಯಿ ಒಂದ್ ಗಳ್ಗೆ ತಡ ಆದ್ರೂ ತಡ್ಕಳಾಕಿಲ್ಲ."

ಒಳಗೆ ಬಂದ ಮೇಲೆ ಚಿಕ್ಕನಂಜಮ್ಮ ಗಂಟಿನಿಂದ ಎಲೆಯ ಪೊಟ್ಟಣವೊಂದನ್ನು ತೆಗೆದಳು. ಮದ್ದೂರಿನಲ್ಲಿ ಕೊಂಡ ವಡೆ. "ಮೋಟ ಇದ್ಕೇ ಸ್ಟೇಷನ್‌ಗೆ ಓಗ್ತಿತ್ತು ಅಂದಿದ್ರು ನಿಮ್ ಮಗ. ಬದ್ಕೇ ಅದೆ ಅಂತ ನಂಬ್ಕೆ ಇರ್ನಿಲ್ಲ. ಆದ್ರೂ ತರ್ದೆ ಇರಾಕ್ ಆಗ್ನಿಲ್ಲ," ಎಂದಳು.

ಮರಿತಾಯಮ್ಮ ಅದನ್ನು ಇಸಿದುಕೊಂಡು ಬಿಚ್ಚಿದಳು. ವಡೆಯನ್ನು ಮುರಿದು ಅರ್ಧ ಸೊಸೆಗೆ ಕೊಟ್ಟಳು, ಅರ್ಧ ತನ್ನ ಬಾಯಿಗೆ ಹಾಕಿಕೊಂಡಳು. "ಈರುಳ್ಳಿ ಅದ್ಕಾಗಾಕಿಲ್ಲ," ಎಂದಳು. ಅದೇ ಎಲೆಯಲ್ಲಿ ಕೆನೆ ಸವರಿದ ರೊಟ್ಟಿಯನ್ನಿಟ್ಟು, ಮಡಿಸಿ, ನಾರು ಸುತ್ತಿ ಮೋಟನ ಮುಂದಿಟ್ಟಳು. ಅದು ಮೂಸಿತು, ವಡೆಯ ವಾಸನೆಗೆ ಕಿವಿ ನಿಗುರಿಸಿತು, ಬಹಳ ಎಚ್ಚರದಿಂದ ಬಿಚ್ಚಿತು. ಒಳಗಿದ್ದದ್ದನ್ನು ಕಂಡು ಒಂದು ಗಳಿಗೆ ತಲೆಯೆತ್ತಿ ಮರಿತಾಯಮ್ಮನನ್ನು ನೋಡಿ, ಆಮೇಲೆ ತಿಂದಿತು.

"ನಾಳೆಯಿಂದ ಎಲೆ ನಾ ಕಟ್ತೀನಿ ಬುಡಿ ಅತ್ತೆ," ಎಂದಳು ಚಿಕ್ಕನಂಜಮ್ಮ, ಒಲೆಗೆ ಸೌದೆ ಸರಿಸುತ್ತ.

"ಅದೊಂದ್ ಬುಟ್ಟು ಇನ್ನೇನಾರ ಕೇಳು," ಎಂದಳು ಮರಿತಾಯಮ್ಮ. ಮಡಿಲಲ್ಲಿ ಮೊಮ್ಮಗಳು ಉಳಿದಿದ್ದ ಬಾಳೆ ನಾರನ್ನು ಹಿಡಿದು ಎಳೆಯುತ್ತಿದ್ದಳು. ಮೋಟ ಖಾಲಿ ಎಲೆಯನ್ನು ಕಚ್ಚಿಕೊಂಡು ಬಂದು ಮಗುವಿನ ಪಕ್ಕದಲ್ಲಿ ಇಟ್ಟಿತು. ಹಾಳ್ ನಾಯಿ, ಗುಡಿಸಿದ ಮನೆಯನ್ನೆಲ್ಲ ಗಲೀಜು ಮಾಡುತ್ತದೆ ಎಂದು ಮರಿತಾಯಮ್ಮ ಬೈಯಲು ಶುರು ಮಾಡಿದಳು. ಸೊಸೆ ಬಗ್ಗಿ ಒಲೆ ಊದುತ್ತ ನಗುತ್ತಿದ್ದಳು.